ಚಳಿನಾಡಿನ ಮನೆಗೆ ಹೀಟ್ ಪಂಪ್: ಡಕ್ಟ್ ಇರುವುದೋ, ಇಲ್ಲದ್ದೋ? ದಾವಣಗೆರೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಮಗನೋ ಮಗಳೋ ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಮನೆಗಳನ್ನು ದಾವಣಗೆರೆಯ ಎಂಸಿಸಿ ಬಿ ಬ್ಲಾಕ್, ವಿದ್ಯಾನಗರದ ಕಡೆ ಹುಡುಕಬೇಕಾಗಿಲ್ಲ. ಆ ದೇಶಗಳಲ್ಲಿ ಸ್ವಂತ ಮನೆ ಕೊಂಡ ಹುಡುಗರಿಗೆ ಮೊದಲ ಚಳಿಗಾಲಕ್ಕೇ ಒಂದು ತಲೆನೋವು ಶುರುವಾಗುತ್ತದೆ. ಗ್ಯಾಸ್ ಸುಟ್ಟು ಮನೆ ಬಿಸಿ ಮಾಡುವ ನೆಲಮಾಳಿಗೆಯ ಹಳೇ ಫರ್ನೇಸ್ ಆಯುಸ್ಸು ಮುಗಿಸಿರುತ್ತದೆ. ಬದಲಿಗೆ ಹೀಟ್ ಪಂಪ್ ಹಾಕಿಸಿ ಎಂದು ಒಬ್ಬ, ಅದು ಮೈನಸ್ಸಿನಲ್ಲಿ ನಡೆಯುವುದೇ ಇಲ್ಲ ಎಂದು ಇನ್ನೊಬ್ಬ. ಊರಲ್ಲಿ ಎಸಿ ಕೆಲಸ ಗೊತ್ತಿರುವವನು ನಾನೊಬ್ಬ ಇದ್ದೇನಲ್ಲ, ಫೋನ್ ಇಲ್ಲಿಗೆ ಬರುತ್ತದೆ. "ಮಾಮ, ಗೋಡೆಗೆ ಹಾಕೋದು ತಗೊಳ್ಳೋದೋ, ಡಕ್ಟಿಗೆ ಜೋಡಿಸೋದೋ? ಯಾವ ಕಂಪನಿದು ಒಳ್ಳೇದು?"

ಡಕ್ಟ್ ಎಂದರೆ ಕೋಣೆಗಳಿಗೆ ಗಾಳಿ ಸಾಗಿಸುವ ತಗಡಿನ ಕೊಳವೆ. ಕಂಪನಿ ವಿಷಯಕ್ಕೆ ನಾನು ಹೋಗುವುದಿಲ್ಲ. "ನಿನ್ನ ಮನೇಲಿ ಡಕ್ಟ್ ಎಲ್ಲಿ ಹಾದು ಹೋಗೇತಿ? ಹೋದ ಜನವರೀಲಿ ಗ್ಯಾಸ್ ಎಷ್ಟು ಸುಟ್ಟೀಯ?" ಎಂದು ಕೇಳುತ್ತೇನೆ. ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ತೀರ್ಮಾನ ಆದಂತೆ. ಈ ಬರಹ ಆ ಹುಡುಗರಿಗೆ, ಜೊತೆಗೆ ಇಲ್ಲಿಂದ ಸಲಹೆ ಕೊಡುವ ಅಪ್ಪ-ಅಮ್ಮಂದಿರಿಗೆ.

ಯಂತ್ರ ಒಂದೇ, ಬಿಸಿ ಹಂಚುವ ದಾರಿ ಎರಡು

ಹೀಟ್ ಪಂಪ್ ಎಂದರೆ ನಮ್ಮ ಸ್ಪ್ಲಿಟ್ ಎಸಿಯೇ. ಅದಕ್ಕೊಂದು ರಿವರ್ಸಿಂಗ್ ವಾಲ್ವ್ ಕೂಡಿಸಿದರೆ ಬೇಸಿಗೆಯಲ್ಲಿ ಒಳಗಿನ ಬಿಸಿಯನ್ನು ಹೊರಗೆ, ಚಳಿಗಾಲದಲ್ಲಿ ಹೊರಗಿನ ಬಿಸಿಯನ್ನು ಒಳಗೆ ಸಾಗಿಸುತ್ತದೆ. ಮೈನಸ್ 15 ಡಿಗ್ರಿ ಗಾಳಿಯಲ್ಲಿ ಬಿಸಿ ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ಉತ್ತರ ಸರಳ: ಔಟ್‌ಡೋರ್ ಕಾಯಿಲ್‌ನಲ್ಲಿ ಹರಿಯುವ ಗ್ಯಾಸ್ ಅದಕ್ಕಿಂತಲೂ ತಣ್ಣಗಿದ್ದರೆ ಗಾಳಿಯ ಶಾಖ ಅದಕ್ಕೆ ಇಳಿದೇ ಇಳಿಯುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಏರಿಸಿ ಮನೆಯೊಳಗೆ ಬಿಡುತ್ತದೆ.

ಹೊರಗೆ ಚಳಿ ಹೆಚ್ಚಿದಷ್ಟೂ ಈ ಕೆಲಸ ಕಷ್ಟವಾಗುತ್ತದೆ. ಹೊರಗೆ 8 ಡಿಗ್ರಿ ಇದ್ದಾಗ ಒಂದು ಯೂನಿಟ್ ಕರೆಂಟಿಗೆ ಮೂರರಿಂದ ನಾಲ್ಕು ಯೂನಿಟ್ ಶಾಖ ಕೊಡುವ ಒಳ್ಳೆಯ ಯಂತ್ರ, ಮೈನಸ್ 15ರಲ್ಲಿ ಎರಡರ ಆಸುಪಾಸಿಗೆ ಇಳಿಯುತ್ತದೆ. ಈ ಅನುಪಾತಕ್ಕೆ ಸಿಒಪಿ ಎನ್ನುತ್ತಾರೆ. ಕಾಯಿಲ್ ಹೀಟರಿನ ಸಿಒಪಿ ಯಾವತ್ತೂ 1, ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ ಅಷ್ಟೇ.

ಡಕ್ಟ್ ಇಲ್ಲದ ಬಗೆಯಲ್ಲಿ ಔಟ್‌ಡೋರಿನಿಂದ ತಾಮ್ರದ ಪೈಪು ಸೀದಾ ಕೋಣೆಗೆ ಬಂದು, ಗೋಡೆಯ ಇನ್‌ಡೋರ್ ಯೂನಿಟ್ ಅಲ್ಲೇ ಬಿಸಿಗಾಳಿ ಊದುತ್ತದೆ. ಅಲ್ಲಿಯವರು ಇದಕ್ಕೆ ಮಿನಿ ಸ್ಪ್ಲಿಟ್ ಅನ್ನುತ್ತಾರೆ. ಸೆಂಟ್ರಲ್ ಬಗೆಯಲ್ಲಿ ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಒಂದು ದೊಡ್ಡ ಬ್ಲೋವರ್ ಕೂತು, ತಗಡಿನ ಡಕ್ಟಿನಲ್ಲಿ ಎಲ್ಲ ಕೋಣೆಗಳಿಗೂ ಗಾಳಿ ಕಳಿಸುತ್ತದೆ. ಹತ್ತಿ ಗಿರಣಿಯ ಹ್ಯುಮಿಡಿಫಿಕೇಶನ್ ಪ್ಲಾಂಟ್ ಒಳಹೊಕ್ಕು ನೋಡಿದ ನಮ್ಮೂರ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫ್ಯಾನ್ ಎಷ್ಟೇ ದೊಡ್ಡದಿರಲಿ, ಡಕ್ಟ್ ಸೋರಿದರೆ ಕೊನೆಯ ಸಾಲಿನ ಯಂತ್ರಕ್ಕೆ ಗಾಳಿ ಮುಟ್ಟುವುದಿಲ್ಲ.

ಹೆಜ್ಜೆ 1: ಮನೆ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ, ಲೆಕ್ಕ ಹಾಕಿ

ದಾವಣಗೆರೆಯಲ್ಲಿ ನಾವು ಕೋಣೆ ನೋಡಿ ಒಂದು ಟನ್, ಒಂದೂವರೆ ಟನ್ ಎಂದು ಬಾಯಲ್ಲೇ ಹೇಳಿಬಿಡುತ್ತೇವೆ. ಏಪ್ರಿಲ್‌ನಲ್ಲಿ ಹೊರಗೆ 38 ಡಿಗ್ರಿ, ಒಳಗೆ 25 ಬೇಕು. ವ್ಯತ್ಯಾಸ ಬರೀ 13. ಚಿಕಾಗೋದಲ್ಲಿ ಹೊರಗೆ ಮೈನಸ್ 18, ಒಳಗೆ 21 ಬೇಕೆಂದರೆ ವ್ಯತ್ಯಾಸ 39. ಇಲ್ಲಿನ ಬಾಯಿಲೆಕ್ಕ ಅಲ್ಲಿ ನಡೆಯುವುದಿಲ್ಲ.

ಅಮೆರಿಕದಲ್ಲಿ ಇದಕ್ಕೊಂದು ವಿಧಾನವಿದೆ, ಮ್ಯಾನುವಲ್ ಜೆ ಎಂದು ಹೆಸರು. ಗೋಡೆ, ಕಿಟಕಿ, ಅಟ್ಟದ ಇನ್ಸುಲೇಶನ್ (ಬಿಸಿ ಹೊರಹೋಗದಂತೆ ತಡೆಯುವ ಹೊದಿಕೆ), ಗಾಳಿ ಸೋರಿಕೆ ಎಲ್ಲವನ್ನೂ ಹಿಡಿದು ಕೋಣೆವಾರು ಲೆಕ್ಕ ಮಾಡುತ್ತಾರೆ. ಕಾಂಟ್ರಾಕ್ಟರ್ ಅದನ್ನು ಮಾಡಿಕೊಡಲಿ. ಆದರೆ ಅವನು ಬರುವ ಮೊದಲೇ ನಿಮ್ಮ ಕೈಯಲ್ಲೊಂದು ಅಂದಾಜು ಇದ್ದರೆ ಮಾತಿನ ವರಸೆಯೇ ಬದಲಾಗುತ್ತದೆ. ಗ್ಯಾಸ್ ಬಿಲ್ಲಿನಿಂದಲೇ ಅದನ್ನು ತೆಗೆಯಬಹುದು. ಒಂದು ಉದಾಹರಣೆ ಹಿಡಿಯೋಣ.

ಜನವರಿಯಲ್ಲಿ 170 ಥರ್ಮ್ ಗ್ಯಾಸ್ ಖರ್ಚಾಗಿದೆ. ಜುಲೈಯಲ್ಲಿ 20 ಥರ್ಮ್. ಅದು ಬಿಸಿನೀರು, ಅಡುಗೆಯದು. ಉಳಿದ 150 ಮನೆ ಬಿಸಿ ಮಾಡಲು. ಫರ್ನೇಸ್ 90 ಶೇಕಡಾ ದಕ್ಷತೆಯದಾದರೆ ಮನೆಗೆ ಮುಟ್ಟಿದ್ದು 135 ಥರ್ಮ್. ಬಿಟಿಯು ಎಂಬುದು ಶಾಖದ ಅಳತೆ, ಒಂದು ಥರ್ಮ್ ಎಂದರೆ 1,00,000 ಬಿಟಿಯು. ತಿಂಗಳ 744 ಗಂಟೆಗೆ ಭಾಗಿಸಿದರೆ ಗಂಟೆಗೆ ಸರಾಸರಿ 18,100 ಬಿಟಿಯು ಬರುತ್ತದೆ. ಆ ತಿಂಗಳ ಸರಾಸರಿ ಹೊರ ಉಷ್ಣಾಂಶ ಮೈನಸ್ 4 ಇತ್ತು ಎನ್ನಿ. ಜನ, ಒಲೆ, ದೀಪ, ಬಿಸಿಲಿನ ಶಾಖದಿಂದಾಗಿ ಹೊರಗೆ 16 ಡಿಗ್ರಿ ಇರುವವರೆಗೆ ಮನೆಗೆ ಹೀಟಿಂಗ್ ಬೇಕಾಗುವುದಿಲ್ಲವೆಂದು ಹಿಡಿದರೆ ವ್ಯತ್ಯಾಸ 20. ಅತಿ ಚಳಿಯ ರಾತ್ರಿ ಮೈನಸ್ 18 ಆದರೆ ವ್ಯತ್ಯಾಸ 34. ಹಾಗಾಗಿ 18,100 ಅನ್ನು 34ರಿಂದ ಗುಣಿಸಿ 20ರಿಂದ ಭಾಗಿಸಿ: ಸುಮಾರು 31,000 ಬಿಟಿಯು. ಒಂದು ಟನ್ನಿಗೆ 12,000 ಬಿಟಿಯು, ಅಂದರೆ ಎರಡೂವರೆ ಟನ್ನಿಗಿಂತ ಒಂದು ಚೂರು ಹೆಚ್ಚು.

ಕೆನಡಾದ ಬಿಲ್ಲಿನಲ್ಲಿ ಗ್ಯಾಸ್ ಘನ ಮೀಟರಿನಲ್ಲಿರುತ್ತದೆ, ಸುಮಾರು 2.8 ಘನ ಮೀಟರಿಗೆ ಒಂದು ಥರ್ಮ್.

ಈಗ ಕಾಂಟ್ರಾಕ್ಟರ್ ಬಂದು, ಇದ್ದ ಫರ್ನೇಸಿನ ಮೇಲಿನ ಚೀಟಿ ಓದಿ "ನಾಲ್ಕು ಟನ್ ಬೇಕು" ಎಂದರೆ, ಯಾಕೆ ಎಂದು ಕೇಳಬಹುದು. ಹಳೇ ಫರ್ನೇಸುಗಳು ಬೇಕಾದದ್ದಕ್ಕಿಂತ ದೊಡ್ಡವಿರುವುದೇ ಹೆಚ್ಚು, ಆ ಅಳತೆ ನೋಡಿ ಹೀಟ್ ಪಂಪ್ ಆರಿಸಬಾರದು. ಗಾತ್ರ ಮಿತಿಮೀರಿದ ಯಂತ್ರ ಹಿತವಾದ ದಿನಗಳಲ್ಲಿ ಆನ್-ಆಫ್ ಆಗುತ್ತಲೇ ಇರುತ್ತದೆ, ಕರೆಂಟು ತಿನ್ನುತ್ತದೆ, ಬೇಗ ಸವೆಯುತ್ತದೆ.

ಯಂತ್ರಕ್ಕೆ ಮೊದಲು ಅಟ್ಟದ ಇನ್ಸುಲೇಶನ್ ಹೆಚ್ಚಿಸಿ, ಗಾಳಿ ಸೋರುವ ಸಂದುಗಳನ್ನು ಮುಚ್ಚಿಸಿದರೆ ಈ 31,000 ಇನ್ನೂ ಇಳಿಯುತ್ತದೆ. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮಾಡುವ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಿದರೆ ಎಲ್ಲೆಲ್ಲಿ ಸೋರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹೆಜ್ಜೆ 2: ಡಕ್ಟ್ ನೋಡಿ. ಟಾರ್ಚ್ ಹಿಡಿದು, ಖುದ್ದಾಗಿ

ನನ್ನ ಪ್ರಕಾರ ನಿರ್ಧಾರ ನಿಂತಿರುವುದೇ ಇಲ್ಲಿ.

ಮನೆಯಲ್ಲಿ ಡಕ್ಟ್ ಇಲ್ಲವೇ ಇಲ್ಲ, ಬಿಸಿನೀರಿನ ರೇಡಿಯೇಟರೋ ಗೋಡೆಯಂಚಿನ ಎಲೆಕ್ಟ್ರಿಕ್ ಹೀಟರೋ ಇದೆ ಎನ್ನಿ. ಬಾಸ್ಟನ್ ಕಡೆಯ ಹಳೇ ಮನೆಗಳು ಎಷ್ಟೋ ಹೀಗೇ ಇವೆ. ಅಲ್ಲಿ ಹೊಸದಾಗಿ ಡಕ್ಟ್ ಎಳೆಸುವುದೆಂದರೆ ಸೀಲಿಂಗ್ ಒಡೆಯಬೇಕು, ಕಪಾಟು ಬಿಟ್ಟುಕೊಡಬೇಕು. ಡಕ್ಟ್ ಇಲ್ಲದ ಬಗೆಯೇ ಸರಿ, ಹೆಚ್ಚು ಯೋಚಿಸಬೇಡಿ.

ಡಕ್ಟ್ ಇದ್ದರೆ ಅದು ಎಲ್ಲಿದೆ? ಬಿಸಿಯಿರುವ ನೆಲಮಾಳಿಗೆಯಲ್ಲಿ ಹಾದುಹೋಗಿದ್ದರೆ ಸೋರಿದ ಬಿಸಿ ಮನೆಯೊಳಗೇ ಉಳಿಯುತ್ತದೆ, ದೊಡ್ಡ ನಷ್ಟವಿಲ್ಲ. ಇನ್ಸುಲೇಶನ್ನಿನ ಆಚೆ, ಹಿಮಗಟ್ಟಿದ ಅಟ್ಟದಲ್ಲಿ ಹಾದುಹೋಗಿದ್ದರೆ ನೀವು ಬಿಸಿ ಮಾಡುತ್ತಿರುವುದು ಮಾಡಿನ ಹೆಂಚನ್ನು. ಸಾಮಾನ್ಯ ಮನೆಯ ಡಕ್ಟಿನಲ್ಲಿ ಹರಿಯುವ ಗಾಳಿಯ 20ರಿಂದ 30 ಶೇಕಡಾ ಸೋರಿಕೆ, ಕಳಚಿದ ಜೋಡಣೆಗಳಲ್ಲೇ ಹೋಗುತ್ತದೆ ಎಂದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯೇ ಹೇಳುತ್ತದೆ. ಜೋಡಣೆಗಳಿಗೆ ಮ್ಯಾಸ್ಟಿಕ್ ಎಂಬ ಗಟ್ಟಿ ಅಂಟು ಬಳಿದು ಮುಚ್ಚಬೇಕು. ಡಕ್ಟ್ ಟೇಪ್ ಎಂದು ಕರೆಯುವ ಬಟ್ಟೆಯ ಟೇಪು ಬಿಸಿಗೆ ಒಣಗಿ ಉದುರುತ್ತದೆ. ಹೆಸರು ನೋಡಿ ಮೋಸಹೋಗಬೇಡಿ.

ಆಮೇಲೆ ಅಗಲ. ಗ್ಯಾಸ್ ಫರ್ನೇಸ್ 50-60 ಡಿಗ್ರಿ ಗಾಳಿಯನ್ನು ಊದಿದರೆ ಹೀಟ್ ಪಂಪಿನದು 35-40 ಡಿಗ್ರಿ. ಅಷ್ಟೇ ಬಿಸಿ ತಲುಪಿಸಬೇಕಾದರೆ ಹೆಚ್ಚು ಗಾಳಿ ಬೇಕು, ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ. ಎರಡೂವರೆ ಟನ್ನಿಗೆ 1,000, ನಾಲ್ಕು ಟನ್ನಿಗೆ 1,600. ಇರುವ ಡಕ್ಟ್ 1,000ವನ್ನು ನಿರಾಳವಾಗಿ ಸಾಗಿಸಬಹುದು. 1,600 ತುರುಕಿದರೆ ಭೋರೆನ್ನುತ್ತದೆ, ದೂರದ ಬೆಡ್‌ರೂಮು ತಣ್ಣಗೇ ಉಳಿಯುತ್ತದೆ. ಹೀಟ್ ಪಂಪ್ ಸರಿಯಿಲ್ಲ ಎಂದು ಬರುವ ದೂರುಗಳಲ್ಲಿ ಎಷ್ಟೋ ಇಲ್ಲಿ ಹುಟ್ಟುತ್ತವೆ. ಕಾಂಟ್ರಾಕ್ಟರ್ ಡಕ್ಟಿನ ಸ್ಟ್ಯಾಟಿಕ್ ಪ್ರೆಶರ್ (ಒಳಗಿನ ಗಾಳಿಯ ಒತ್ತಡ) ಅಳೆಯುತ್ತಾನೋ ಇಲ್ಲವೋ ನೋಡಿ. ಎರಡು ಸಣ್ಣ ತೂತು, ಒಂದು ಮೀಟರು, ಐದು ನಿಮಿಷದ ಕೆಲಸ. ಅಳೆಯದೆ ಕೊಟೇಶನ್ ಕೊಟ್ಟವನನ್ನು ನಾನಾದರೆ ಅಲ್ಲಿಗೇ ಬಿಡುತ್ತೇನೆ.

ಡಕ್ಟ್ ಒಳಗಡೆ ಇದೆ, ಅಗಲ ಸಾಲುತ್ತದೆ, ಸೋರಿಕೆ ಮುಚ್ಚಬಹುದು ಎಂದಾದರೆ ಸೆಂಟ್ರಲ್ ಬಗೆಗೇ ಹೋಗಿ. ಇರುವುದನ್ನು ಬಿಟ್ಟು ಕೋಣೆಗೊಂದು ಪೆಟ್ಟಿಗೆ ನೇತುಹಾಕುವುದರಲ್ಲಿ ಅರ್ಥವಿಲ್ಲ.

ಹೆಜ್ಜೆ 3: ಮನೆಯಲ್ಲಿ ಯಾರಿರುತ್ತಾರೆ, ಏನು ಬೇಯುತ್ತದೆ

ಅಲ್ಲಿನ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ, ಆದರೆ ನಮ್ಮವರಿಗೆ ಇದೇ ಮುಖ್ಯ.

ಅಪ್ಪ-ಅಮ್ಮ ಬಂದು ಆರು ತಿಂಗಳು ಇರುತ್ತಾರೆ. ದಾವಣಗೆರೆಯ ಡಿಸೆಂಬರ್ ಬೆಳಗಿಗೇ ಸ್ವೆಟರ್ ಹುಡುಕುವವರಿಗೆ 20 ಡಿಗ್ರಿಯ ಮನೆ ಚಳಿಯೇ. ಮಕ್ಕಳಿಗೆ ಅದೇ ಸೆಕೆ. ಸೆಂಟ್ರಲ್‌ನಲ್ಲಿ ಒಂದೇ ಥರ್ಮೋಸ್ಟ್ಯಾಟ್ ಇದ್ದರೆ ದಿನಾ ಅದರ ಮುಂದೆ ಜಟಾಪಟಿ. ಡಕ್ಟ್ ಇಲ್ಲದ ಬಗೆಯಲ್ಲಿ ಹಿರಿಯರ ಕೋಣೆಗೆ 24, ಉಳಿದ ಕಡೆ 20 ಎಂದು ಇಟ್ಟುಕೊಳ್ಳಬಹುದು. ಅವರು ಊರಿಗೆ ಹೊರಟ ಮೇಲೆ ಆ ಕೋಣೆಯನ್ನು 15ಕ್ಕೆ ಇಳಿಸಬಹುದು. ಪೂರ್ತಿ ಆರಿಸಬೇಡಿ, ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆದೀತು. ಗೋಡೆಯ ಎತ್ತರದಿಂದ ಮುಖಕ್ಕೆ ಗಾಳಿ ಬೀಸುವುದು ವಯಸ್ಸಾದವರಿಗೆ ಆಗಿಬರದಿದ್ದರೆ ನೆಲದ ಹತ್ತಿರ ಕೂರಿಸುವ ಕನ್ಸೋಲ್ ಯೂನಿಟ್ ಸಿಗುತ್ತದೆ, ಕಾಲಿಗೆ ಬೆಚ್ಚಗಿರುತ್ತದೆ.

ಇನ್ನು ಅಡುಗೆ. ಒಗ್ಗರಣೆ ಘಾಟು, ಮಿರ್ಚಿ ಕರಿದ ಎಣ್ಣೆ, ಭಾನುವಾರ ಬೆಣ್ಣೆ ದೋಸೆಯ ಹೆಂಚಿನ ಹೊಗೆ. ಅಲ್ಲಿನ ತೆರೆದ ಅಡುಗೆಮನೆಯಲ್ಲಿ ಒಲೆಗೆ ಎದುರಾಗಿ ಗೋಡೆ ಯೂನಿಟ್ ಹಾಕಿದರೆ ಆ ಜಿಡ್ಡು ಕಾಯಿಲ್‌ಗೂ ಬ್ಲೋವರ್ ಚಕ್ರಕ್ಕೂ ಮೆತ್ತಿಕೊಂಡು ಧೂಳು ಹಿಡಿಯುತ್ತದೆ, ಗಾಳಿ ಕಡಿಮೆಯಾಗುತ್ತದೆ. ಸೆಂಟ್ರಲ್‌ನಲ್ಲಿ ಕಷ್ಟ ಬೇರೆ ಥರ: ಗಾಳಿ ವಾಪಸ್ ಎಳೆಯುವ ಗ್ರಿಲ್ ಅಡುಗೆಮನೆ ಪಕ್ಕದಲ್ಲಿದ್ದರೆ ಮೆಣಸಿನಕಾಯಿ ಘಾಟು ಮಲಗಿದ ಮಗುವಿನ ಕೋಣೆವರೆಗೂ ಸವಾರಿ ಹೋಗುತ್ತದೆ. ಎರಡಕ್ಕೂ ಮದ್ದು ಒಂದೇ, ಹೊಗೆಯನ್ನು ಮನೆಯಿಂದ ಹೊರಗೆ ದೂಡುವ ಚಿಮಣಿ. ಅಲ್ಲಿನ ಎಷ್ಟೋ ಚಿಮಣಿಗಳು ಫಿಲ್ಟರಿನಲ್ಲಿ ಸೋಸಿ ಅಡುಗೆಮನೆಗೇ ವಾಪಸ್ ಬಿಡುತ್ತವೆ. ನಿಮ್ಮದು ಎಂಥದ್ದೋ ನೋಡಿಕೊಳ್ಳಿ.

ಡಕ್ಟ್ ಇಲ್ಲದ್ದರ ಕೊರತೆಗಳನ್ನೂ ಹೇಳಬೇಕು. ಹಾಲ್‌ನಲ್ಲಿ ಒಂದು ಯೂನಿಟ್ ಹಾಕಿದರೆ ಬಾಗಿಲು ಮುಚ್ಚಿದ ಬೆಡ್‌ರೂಮಿಗೆ ಬಿಸಿ ಹೋಗುವುದಿಲ್ಲ. ಬಚ್ಚಲುಮನೆಗೆ ಯಾರೂ ಯೂನಿಟ್ ಹಾಕುವುದಿಲ್ಲ. ಅಲ್ಲಿಗೆ ಸಣ್ಣ ಎಲೆಕ್ಟ್ರಿಕ್ ಹೀಟರ್ ಬೇಕು. ಫರ್ನೇಸ್ ತೆಗೆದ ಮೇಲೆ ಅದರ ಪುಕ್ಕಟೆ ಬಿಸಿಯಲ್ಲಿದ್ದ ನೆಲಮಾಳಿಗೆ ತಣ್ಣಗಾಗುತ್ತದೆ, ಅಲ್ಲಿನ ನೀರಿನ ಪೈಪುಗಳ ಗತಿ ಏನೆಂದು ಮೊದಲೇ ಯೋಚಿಸಬೇಕು.

ಐದು ಕೋಣೆಗೆ ಐದು ಯೂನಿಟ್, ಎಲ್ಲಕ್ಕೂ ಒಂದೇ ದೊಡ್ಡ ಔಟ್‌ಡೋರ್ ಎಂಬ ಮಲ್ಟಿ ಸ್ಪ್ಲಿಟ್ ವ್ಯವಸ್ಥೆ ಕಾಗದದ ಮೇಲೆ ಚೆಂದ. ಒಂದು ಬೆಡ್‌ರೂಮಿಗೆ 3,000-4,000 ಬಿಟಿಯು ಸಾಕಾಗುವಾಗ ಸಿಗುವ ಚಿಕ್ಕ ಯೂನಿಟ್ಟೇ 6,000ದ್ದು. ಹದವಾದ ದಿನ ಒಂದೇ ಕೋಣೆ ಬಿಸಿ ಬೇಡಿದರೆ ಆ ದೊಡ್ಡ ಔಟ್‌ಡೋರ್ ತನ್ನ ಶಕ್ತಿಯನ್ನು ಅಷ್ಟು ಕೆಳಗೆ ಇಳಿಸಲಾರದೆ ಆನ್-ಆಫ್ ಆಟ ಆಡುತ್ತದೆ. ನನ್ನ ಒಲವು ಒಂದು ಔಟ್‌ಡೋರಿಗೆ ಒಂದು ಇನ್‌ಡೋರ್ ಎಂಬ ಜೋಡಿಗಳ ಕಡೆ: ಹಾಲ್‌ಗೊಂದು, ಮಹಡಿಗೊಂದು. ಒಂದು ಕೆಟ್ಟರೂ ಇನ್ನೊಂದು ಮನೆ ಕಾಯುತ್ತದೆ. ಅಕ್ಕಪಕ್ಕದ ಮೂರು ಸಣ್ಣ ಬೆಡ್‌ರೂಮುಗಳಿದ್ದರೆ ಸೀಲಿಂಗ್ ಒಳಗೆ ಕೂರುವ ಸ್ಲಿಮ್ ಡಕ್ಟ್ ಯೂನಿಟ್ ಒಂದನ್ನೇ ಹಾಕಿ ಗಿಡ್ಡ ಡಕ್ಟುಗಳಲ್ಲಿ ಮೂರಕ್ಕೂ ಹಂಚಬಹುದು. ಎರಡೂ ಬಗೆಗಳ ಈ ಬೆರಕೆ ಎಷ್ಟೋ ಮನೆಗೆ ಚೆನ್ನಾಗಿ ಹೊಂದುತ್ತದೆ.

ಹೆಜ್ಜೆ 4: ಮೈನಸ್ 15ರ ಅಂಕಿ ಕೇಳಿ

ಜಾಹೀರಾತಿನಲ್ಲಿ ಕೊಡುವ ಬಿಸಿಯ ಶಕ್ತಿ ಹೊರಗೆ 8.3 ಡಿಗ್ರಿ ಇದ್ದಾಗ ಅಳೆದದ್ದು. ಚಳಿನಾಡಿನಲ್ಲಿ ಅದು ಹಿತವಾದ ಮಧ್ಯಾಹ್ನ. ನಿಮಗೆ ಬೇಕಾದ್ದು ಮೈನಸ್ 15ರಲ್ಲಿ ಎಷ್ಟು ಬಿಟಿಯು ಕೊಡುತ್ತದೆ ಎಂಬುದು. ಸಾಧಾರಣ ಯಂತ್ರದ ಶಕ್ತಿ ಅಲ್ಲಿ ತೀರಾ ಕುಗ್ಗಿಹೋಗುತ್ತದೆ. ಇನ್ವರ್ಟರ್ ಕಂಪ್ರೆಸರ್, ವೇಪರ್ ಇಂಜೆಕ್ಷನ್ ಇರುವ ಚಳಿನಾಡಿನ ಮಾದರಿಗಳು ಮೈನಸ್ 15ರಲ್ಲಿ ಪೂರ್ತಿ ಶಕ್ತಿಯನ್ನೋ ಅದರ ಹತ್ತಿರದ್ದನ್ನೋ ಉಳಿಸಿಕೊಳ್ಳುತ್ತವೆ, ಶಕ್ತಿ ಕುಗ್ಗಿದರೂ ಮೈನಸ್ 25ರವರೆಗೂ ಓಡುತ್ತವೆ.

ಈಶಾನ್ಯ ಅಮೆರಿಕದ ನೀಪ್ ಎಂಬ ಲಾಭರಹಿತ ಸಂಸ್ಥೆ ಇಂಥ ಮಾದರಿಗಳ ಪಟ್ಟಿಯನ್ನು ಉಚಿತವಾಗಿ ಇಟ್ಟಿದೆ. ಮೈನಸ್ 15ರಲ್ಲಿ ಸಿಒಪಿ ಕನಿಷ್ಠ 1.75 ಇದ್ದರೆ ಮಾತ್ರ ಅದರಲ್ಲಿ ಜಾಗ. ಔಟ್‌ಡೋರ್, ಇನ್‌ಡೋರ್ ಎರಡರ ಮಾಡೆಲ್ ನಂಬರ್ ಹಾಕಿ ನೋಡಿ, ಜೋಡಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಅಲ್ಲೇ ಕನಿಷ್ಠ ಶಕ್ತಿಯ ಅಂಕಿಯೂ ಇರುತ್ತದೆ, ಅದು ಕಡಿಮೆ ಇದ್ದಷ್ಟೂ ಆನ್-ಆಫ್ ಆಟ ಕಡಿಮೆ.

ಯಂತ್ರದ ಪೈಪಿನಲ್ಲಿ ಹರಿಯುವ ಗ್ಯಾಸ್ (ರೆಫ್ರಿಜರೆಂಟ್) ಯಾವುದು ಎಂಬುದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಆರ್-410ಎ ಹಿಂದೆ ಸರಿದು, 2025ರಿಂದ ಅಮೆರಿಕದ ಹೊಸ ಮಾದರಿಗಳು ಆರ್-32 ಅಥವಾ ಆರ್-454ಬಿ ಮೇಲೆ ಬರುತ್ತಿವೆ.

ಹೆಜ್ಜೆ 5: ದುಡ್ಡಿನ ಲೆಕ್ಕ

ಒಂದು ಥರ್ಮ್ ಎಂದರೆ 29.3 ಯೂನಿಟ್ ಕರೆಂಟಿನಷ್ಟು ಶಾಖ. 95 ಶೇಕಡಾದ ಫರ್ನೇಸ್ ಅದರಲ್ಲಿ 27.8 ಮನೆಗೆ ಕೊಡುತ್ತದೆ. ಚಳಿಗಾಲದುದ್ದಕ್ಕೂ ಸರಾಸರಿ ಸಿಒಪಿ 2.7 ಇರುವ ಹೀಟ್ ಪಂಪಿಗೆ ಅದೇ ಶಾಖಕ್ಕೆ 10.3 ಯೂನಿಟ್ ಸಾಕು. ಹಾಗಾಗಿ ನಿಮ್ಮ ಕರೆಂಟ್ ದರವನ್ನು 10.3ರಿಂದ ಗುಣಿಸಿ ಒಂದು ಥರ್ಮ್ ಗ್ಯಾಸಿನ ದರದ ಪಕ್ಕ ಇಟ್ಟು ನೋಡಿ. ಯೂನಿಟ್ಟಿಗೆ 15 ಸೆಂಟ್ ಆದರೆ 1 ಡಾಲರ್ 55 ಸೆಂಟ್. ಗ್ಯಾಸ್ ಅದಕ್ಕಿಂತ ಅಗ್ಗವಿದ್ದರೆ ಬಿಲ್ ಉಳಿಯುವುದಿಲ್ಲ, ಇದನ್ನು ಮಾರಾಟಗಾರ ಹೇಳುವುದಿಲ್ಲ. ಈಗ ಸುಡುತ್ತಿರುವುದು ಡೀಸೆಲ್‌ನಂಥ ಹೀಟಿಂಗ್ ಆಯಿಲ್ಲೋ ಪ್ರೊಪೇನೋ ಆದರೆ ಹೀಟ್ ಪಂಪ್ ಗೆಲ್ಲುವ ಸಂಭವವೇ ಹೆಚ್ಚು. ಎಲೆಕ್ಟ್ರಿಕ್ ಹೀಟರ್ ಇದ್ದರಂತೂ ಲೆಕ್ಕವೇ ಬೇಡ, ಬಿಸಿಯ ಖರ್ಚು ಅರ್ಧಕ್ಕಿಂತ ಕೆಳಗೆ ಬರುತ್ತದೆ.

ಅಮೆರಿಕದ ಕೇಂದ್ರ ಸರ್ಕಾರ ಕೊಡುತ್ತಿದ್ದ 30 ಶೇಕಡಾ, ಗರಿಷ್ಠ 2,000 ಡಾಲರ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಳೇ ಬರಹಗಳು ಇನ್ನೂ ಅದನ್ನೇ ಹೇಳುತ್ತಿರುತ್ತವೆ. ರಾಜ್ಯದ್ದು, ಕರೆಂಟ್ ಕಂಪನಿಯದ್ದು ಬೇರೆ ಇರಬಹುದು, ಕೊಟೇಶನ್‌ಗೆ ಸಹಿ ಹಾಕುವ ಮುಂಚೆ ವಿಚಾರಿಸಿ.

ಹೆಜ್ಜೆ 6: ಬ್ಯಾಕಪ್ ಇರಲಿ, ಮಿತಿಯಲ್ಲಿರಲಿ

ಮಿನ್ನಿಯಾಪೊಲಿಸ್‌ನಂಥ ಊರಲ್ಲಿ ಮೈನಸ್ 25 ದಾಟುವ ರಾತ್ರಿಗಳಿವೆ. ಸೆಂಟ್ರಲ್ ಬಗೆಯಲ್ಲಿ ಬ್ಲೋವರ್ ಒಳಗೇ ಎಲೆಕ್ಟ್ರಿಕ್ ಹೀಟರ್ ಸೇರಿಸಬಹುದು. 10 ಕಿಲೋವ್ಯಾಟ್ ಹೀಟರ್ 240 ವೋಲ್ಟಿನಲ್ಲಿ ಸುಮಾರು 42 ಆಂಪಿಯರ್ ಎಳೆಯುತ್ತದೆ. ಹಳೇ ಮನೆಯ 100 ಆಂಪಿಯರ್ ಪ್ಯಾನೆಲ್ ಅದನ್ನು ತಾಳದಿರಬಹುದು, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅದು ಯಾವ ಉಷ್ಣಾಂಶದಲ್ಲಿ ಆನ್ ಆಗಬೇಕು ಎಂಬುದನ್ನು ಥರ್ಮೋಸ್ಟ್ಯಾಟಿನಲ್ಲಿ ಕಟ್ಟಿಹಾಕಿಸಿ. ಇಲ್ಲದಿದ್ದರೆ ಸುಮ್ಮನೆ ಸೊನ್ನೆ ಡಿಗ್ರಿಗೇ ಓಡಿ ಬಿಲ್ ಏರಿಸುತ್ತದೆ. ಗ್ಯಾಸ್ ಅಗ್ಗವಿದ್ದು ಫರ್ನೇಸ್ ಗಟ್ಟಿಯಿದ್ದರೆ ಅದನ್ನೇ ಅತಿ ಚಳಿಗೆ ಉಳಿಸಿಕೊಳ್ಳಬಹುದು, ಅದಕ್ಕೆ ಡ್ಯುಯಲ್ ಫ್ಯೂಯೆಲ್ ಅನ್ನುತ್ತಾರೆ. ಡಕ್ಟ್ ಇಲ್ಲದ ಬಗೆಯವರು ಹಳೇ ರೇಡಿಯೇಟರನ್ನು ಕಿತ್ತೆಸೆಯದೆ ಇಟ್ಟುಕೊಳ್ಳಲಿ.

ಹೆಜ್ಜೆ 7: ಕೂರಿಸುವಾಗ ಪಕ್ಕದಲ್ಲಿ ನಿಂತು ನೋಡಿ

ಔಟ್‌ಡೋರ್ ನೆಲದ ಮೇಲೆ ಕೂರಬಾರದು. ಅಲ್ಲಿ ಹಿಮ ಎಷ್ಟು ಎತ್ತರ ನಿಲ್ಲುತ್ತದೋ ಅದಕ್ಕಿಂತ ಮೇಲೆ ಬರುವ ಹಾಗೆ ಸ್ಟ್ಯಾಂಡ್ ಕೊಡಿಸಿ. ಮಾಡಿನಿಂದ ಹಿಮ ಜಾರಿಬೀಳುವ ಜಾಗ ಬೇಡ. ಕಾಯಿಲ್ ಮೇಲಿನ ಹಿಮ ಕರಗಿದ (ಡಿಫ್ರಾಸ್ಟ್) ನೀರು ಹನಿದು ನಡೆಯುವ ದಾರಿಯಲ್ಲಿ ಹೆಪ್ಪುಗಟ್ಟಿದರೆ ಜಾರಿ ಬೀಳುವವರು ಮನೆಯ ಹಿರಿಯರೇ.

ತಾಮ್ರದ ಪೈಪಿನ ತುದಿ ಅಗಲಿಸಿ ನಟ್ ಹಾಕಿ ಬಿಗಿಯುವ ಫ್ಲೇರ್ ಜೋಡಣೆ ಈ ಕೆಲಸದ ಮರ್ಮಸ್ಥಾನ. ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು, ನೈಟ್ರೋಜನ್ ತುಂಬಿ ಒತ್ತಡದಲ್ಲಿಟ್ಟು ಸೋರಿಕೆ ನೋಡಬೇಕು, ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಬೇಕು. ನಮ್ಮ ಕಡೆ ಅವಸರದ ಕೆಲಸಗಾರರು ಒಂದಿಷ್ಟು ಗ್ಯಾಸ್ ಬಿಟ್ಟು ಪೈಪಿನ ಗಾಳಿ ಹೊರದೂಡಿ ಮುಗಿಸಿಬಿಡುತ್ತಾರಲ್ಲ, ಅದಕ್ಕೆ ಯಾವ ಊರಲ್ಲೂ ಒಪ್ಪಬೇಡಿ. ಮೈಕ್ರಾನ್ ಮೀಟರಿನ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ವಾರಂಟಿ ವಾದ ಬಂದರೆ ಕೆಲಸಕ್ಕೆ ಬರುತ್ತದೆ.

ಕೊಟೇಶನ್ ಮೂರು ತರಿಸಿ. ಒಬ್ಬೊಬ್ಬರಿಗೂ ಇಷ್ಟು ಕೇಳಿ: ಶಾಖದ ಲೆಕ್ಕದ ಪ್ರತಿ ಕೊಡ್ತೀರಾ, ಮೈನಸ್ 15ರಲ್ಲಿ ಯಂತ್ರ ಎಷ್ಟು ಕೊಡುತ್ತದೆ, ಡಕ್ಟ್ ಅಳೆದಿರಾ, ಕೆಲಸದ ವಾರಂಟಿ ಎಷ್ಟು ವರ್ಷ. ಬೆಲೆಯನ್ನು ಕೊನೆಗೆ ನೋಡಿ.

ಹಾಕಿಸಿದ ಮೇಲೆ

ಫರ್ನೇಸ್ ಅಭ್ಯಾಸದಲ್ಲಿ ರಾತ್ರಿ 16ಕ್ಕೆ ಇಳಿಸಿ ಬೆಳಿಗ್ಗೆ 21ಕ್ಕೆ ಏರಿಸಬೇಡಿ. ಹೀಟ್ ಪಂಪ್ ನಿಧಾನಕ್ಕೆ ಬಿಡದೆ ಓಡುವ ಯಂತ್ರ. ಒಮ್ಮೆಲೇ ಏರಿಸಿದರೆ ಬ್ಯಾಕಪ್ ಹೀಟರ್ ಎದ್ದು ಉಳಿಸಿದ್ದನ್ನೆಲ್ಲ ತಿನ್ನುತ್ತದೆ. ಗ್ರಿಲ್‌ಗೆ ಕೈ ಒಡ್ಡಿ "ಬಿಸಿಯೇ ಬರ್ತಿಲ್ಲ" ಅನ್ನಬೇಡಿ, ಬರುವ ಗಾಳಿ ಉಗುರುಬೆಚ್ಚಗೇ ಇರುತ್ತದೆ. ಕೋಣೆಯ ಥರ್ಮಾಮೀಟರ್ ನೋಡಿ.

ಊರಿಂದ ಬಂದ ಹಿರಿಯರಿಗೆ ಒಂದು ಮಾತು ಮೊದಲೇ ಹೇಳಿಡಿ. ಚಳಿಯಲ್ಲಿ ಔಟ್‌ಡೋರ್ ಆಗಾಗ ಫ್ಯಾನ್ ನಿಲ್ಲಿಸಿ, ಬುಸ್ಸೆಂದು ಸದ್ದು ಮಾಡಿ, ಮೋಡದಂತೆ ಆವಿ ಬಿಡುತ್ತದೆ. ಬೆಂಕಿ ಬಿತ್ತೆಂದು ಗಾಬರಿಯಾಗಿ ಮೇನ್ ಸ್ವಿಚ್ ಆರಿಸುವುದು ಬೇಡ. ಕಾಯಿಲ್ ಮೇಲಿನ ಹಿಮ ಕರಗಿಸಿಕೊಳ್ಳುತ್ತಿರುತ್ತದೆ, ಕೆಲವು ನಿಮಿಷಕ್ಕೆ ತಾನೇ ಸರಿಹೋಗುತ್ತದೆ.

ಗೋಡೆ ಯೂನಿಟ್ಟಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ, ಅಡುಗೆಮನೆ ಹತ್ತಿರದ್ದಾದರೆ ಹದಿನೈದು ದಿನಕ್ಕೊಮ್ಮೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬೆಚ್ಚನೆ ನೀರು ಸಾಕು. ಪೂರ್ತಿ ಒಣಗಿದ ಮೇಲೆ ಹಾಕಿ. ಸೆಂಟ್ರಲ್‌ನ ಫಿಲ್ಟರನ್ನು ಪ್ಯಾಕೆಟ್ ಮೇಲೆ ಮೂರು ತಿಂಗಳು ಎಂದು ಬರೆದಿದ್ದರೂ ತಿಂಗಳಿಗೊಮ್ಮೆ ಎಳೆದು ನೋಡಿ, ಬೂದು ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಿ.